ವಿರೂಪಾಕ್ಷಪ್ಪನವರು ಡಿಜಿಟಲ್ ಆರಿಸಿದ್ದು

ಚನ್ನಗಿರಿಯ ವಿರೂಪಾಕ್ಷಪ್ಪನವರು ತಮ್ಮ ನಲವತ್ತೆರಡು ವರ್ಷಗಳ ಬಾಳಿನಲ್ಲಿ ಯಾವುದನ್ನೂ ತಾವಾಗಿ ಆರಿಸಿದವರಲ್ಲ. ಹೆಸರನ್ನು ಅಜ್ಜ ಇಟ್ಟರು; ಹೆಂಡತಿಯನ್ನು ಅಕ್ಕ ನೋಡಿದಳು; ಅಂಗಿಯ ಬಟ್ಟೆಯನ್ನು ಅಂದಿನಿಂದ ಇಂದಿನವರೆಗೆ ಹೆಂಡತಿ ನೋಡಿದಳು. ಗಿಟಾರನ್ನು ಕೂಡ ಅವರು ಆರಿಸಲಿಲ್ಲ. ಭದ್ರಾವತಿಯ ಕಾರ್ಖಾನೆಯ ಮೇಸ್ತ್ರಿಯೊಬ್ಬ ವರ್ಗವಾಗಿ ಹೋಗುವಾಗ ಸಾಮಾನಿನ ಲಾರಿಯಲ್ಲಿ ಜಾಗ ಸಾಲದೆ ಅದನ್ನು ಅವರ ಕೈಗಿತ್ತು ಹೋದ. ಆ ಲಾರಿ ಇನ್ನು ಎರಡಡಿ ಉದ್ದವಾಗಿದ್ದಿದ್ದರೆ ಸಂಗೀತಲೋಕ ಒಬ್ಬ ವಾದಕನನ್ನು ಕಳೆದುಕೊಳ್ಳುತ್ತಿತ್ತು. ಕಳೆದುಕೊಂಡದ್ದು ಅದಕ್ಕೆ ತಿಳಿಯುತ್ತಲೂ ಇರಲಿಲ್ಲ.

ಆ ಗಿಟಾರಿಗೆ ಕರೆಂಟಿನ ಸಂಬಂಧ ಕಲ್ಪಿಸಿ, ಇಪ್ಪತ್ತು ವರ್ಷಗಳಿಂದ ಅವರು ಬೆನಕಪ್ಪನವರ ವಾದ್ಯವೃಂದದಲ್ಲಿ ನುಡಿಸುತ್ತಿದ್ದರು. ಮದುವೆಯ ತಿಂಗಳುಗಳಲ್ಲಿ ಗಿಟಾರು, ಮಿಕ್ಕ ತಿಂಗಳುಗಳಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಪಾಠ. ಮದುವೆಮನೆಯಲ್ಲಿ ವಾದ್ಯಗಾರನ ಪಾಡು ಬಲ್ಲವರೇ ಬಲ್ಲರು. ವೇದಿಕೆಯ ಮೇಲೆ ಅವನು ನುಡಿಸುತ್ತಾನೆ. ಕೆಳಗೆ ಎಂಟುನೂರು ಜನ ಊಟದ ಪಂಕ್ತಿ, ಕಳೆದುಹೋದ ಚಪ್ಪಲಿ, ಯಾರದೋ ಸೊಸೆಯ ಸ್ವಭಾವ ಇವುಗಳನ್ನು ಏಕಕಾಲಕ್ಕೆ ಚರ್ಚಿಸುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ವಿರೂಪಾಕ್ಷಪ್ಪನವರ ಗಿಟಾರನ್ನು ಕುರಿತು ಸಭಿಕರಿಂದ ಬಂದ ಅಭಿಪ್ರಾಯ ಒಂದೇ ಒಂದು: "ಸ್ವಲ್ಪ ಆ ಕಡೆ ಸರೀರಿ, ಮದುಮಗಳು ಕಾಣಂಗಿಲ್ಲ."

ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೆನಕಪ್ಪನವರು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವರನ್ನು ಕೂರಿಸಿಕೊಂಡು ವಿಷಯ ತೆಗೆದರು. ಬೆನಕಪ್ಪನವರು ವಾದ್ಯವೃಂದದ ಒಡೆಯರು, ಗಾಯಕರು, ನಿರೂಪಕರು. ಆಂಪ್ಲಿಫೈಯರ್ ಹೊರುವಾಗ ಮಾತ್ರ ಅವರಿಗೆ ಸೊಂಟನೋವು.

"ಹೊನ್ನಾಳಿ ಆರ್ಕೆಸ್ಟ್ರಾದವರು ಮಿಷಿನ್ ತಂದಾರೆ, ವಿರೂಪಾಕ್ಷಪ್ಪ. ಡಿಜಿಟಲ್ಲು. ಒಂದು ತಂತಿ ಮೀಟಿದ್ರೆ ಬಾವಿಯೊಳಗಿಂದ ಹತ್ತು ಜನ ಮೀಟಿದಂಗೆ ಬರ್ತೈತೆ. ನಿನ್ನ ಗಿಟಾರು ಮೀಟಿದ್ರೆ ನಿನ್ನ ಗಿಟಾರು ಮೀಟಿದಂಗೇ ಬರ್ತೈತೆ. ಹಿಂಗಾದ್ರೆ ಹೆಂಗೆ?"

"ನಾನೂ ಅದನ್ನೇ ಯೋಚ್ನೆ ಮಾಡಾಕ್ಹತ್ತಿದ್ದೆ," ಎಂದರು ವಿರೂಪಾಕ್ಷಪ್ಪ. ಯೋಚಿಸಿರಲಿಲ್ಲ.

"ಮುಂದಿನ ತಿಂಗಳು ನಿಮ್ಮ ಸಂಬಂಧದ್ದೇ ಮದುವೆ. ಅದರ ರಿಸೆಪ್ಷನ್ನು ನಮಗೆ ಒಪ್ಸ್ಯಾರೆ. ಅವತ್ತು ಒಂದು ಡಿಜಿಟಲ್ಲು ಆರಿಸ್ಕೊಂಡು ಬಾ. ಇಲ್ಲಾಂದ್ರೆ ಹೊನ್ನಾಳಿ ದಾಸಪ್ಪ ಕೀಬೋರ್ಡ್ ಇಟ್ಕೊಂಡು ತಯಾರಾಗ್ಯಾನೆ. ಅವನ ಕೀಬೋರ್ಡ್‌ನಾಗೆ ಗಿಟಾರೂ ಐತಂತೆ. ಕೂರಾಕೆ ಕುರ್ಚೀನೂ ಒಂದು ಕಡಿಮಿ ಸಾಕು."

ಇಪ್ಪತ್ತು ವರ್ಷಗಳ ಕುರ್ಚಿ ಹೀಗೆ ಒಂದು ಲೋಟ ಚಹದ ಅವಧಿಯಲ್ಲಿ ಅಲುಗಾಡತೊಡಗಿತು. ಪಕ್ಕದ ಮೇಜಿನವರೆಲ್ಲ ದೋಸೆ ಬಿಟ್ಟು ಕಿವಿಗೊಟ್ಟಿದ್ದರು. ಮನುಷ್ಯ ಸುಳ್ಳಾಡುವುದು ಇಂಥ ಗಳಿಗೆಯಲ್ಲಿಯೇ. ವಿರೂಪಾಕ್ಷಪ್ಪನವರು ಟವೆಲನ್ನು ಹೆಗಲಿಗೆಸೆದು, "ನಾನು ಆಗಲೇ ಎರಡು ನೋಡಿಟ್ಟೀನಿ. ಈ ಡಿಜಿಟಲ್ ಅಂದ್ರೆ ಹುಡುಗಾಟ ಅಲ್ಲ. ಒಮ್ಮೆ ಕೇಳಿಸ್ಕೊಂಡದ್ದನ್ನ ಹೊಟ್ಟೆಯೊಳಗೆ ಇಟ್ಕೊಂತೈತೆ. ಆಮೇಲೆ ಒಂದಕ್ಷರ ಬಿಡದಂಗೆ ವಾಪಸ್ ಹೇಳ್ತೈತೆ," ಎಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು. ಈ ವಾಕ್ಯದಲ್ಲಿ ತಪ್ಪಿರಲಿಲ್ಲ. ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆ ಎಂಬುದೊಂದನ್ನು ಅವರು ಹೇಳಲಿಲ್ಲ. ಅವರಿಗೂ ಆಗ ತಿಳಿದಿರಲಿಲ್ಲ.

ಮರುದಿನ ಸಂತೇಬೆನ್ನೂರಿನ ಮೇಲೆ ಹೋಗುವ ಬಸ್ಸು ಹಿಡಿದು ದಾವಣಗೆರೆಗೆ ಹೋದರು. ವಾದ್ಯದಂಗಡಿಯವನು ಎರಡು ಯಂತ್ರಗಳನ್ನು ಮೇಜಿನ ಮೇಲಿಟ್ಟ. ಒಂದು ದೊಡ್ಡದು, ಉಕ್ಕಿನ ಮೈ, ಎದೆಯ ಮೇಲೆ ಕೆಂಪು ಅಂಕಿಗಳು. ಅದರೊಳಗೆ ಅರವತ್ತನಾಲ್ಕು ಬಗೆಯ ನಾದಗಳಿದ್ದವು. ಇನ್ನೊಂದು ಸಣ್ಣದು, ಇಟ್ಟಿಗೆಯಷ್ಟು. ನಾಲ್ಕು ತಿರುಗಣೆ, ಒಂದು ಕೆಂಪು ದೀಪ. ಕಾಲಿನಿಂದ ತುಳಿದರೆ ಒಂದು ಸ್ವರ ಮೂರಾಗಿ ಮರಳಿ ಬರುತ್ತಿತ್ತು, ಅಷ್ಟೆ.

ಹನ್ನೊಂದು ಗಂಟೆಗೆ ದೊಡ್ಡದೇ ಸರಿಯೆಂದು ಕಂಡಿತು. ಹನ್ನೆರಡಕ್ಕೆ ಸಣ್ಣದು. ಬೆಣ್ಣೆದೋಸೆ ತಿಂದು ಬಂದ ಮೇಲೆ ಮತ್ತೆ ದೊಡ್ಡದು. ಮೂರೂವರೆಗೆ ಅಂಗಡಿಯವನೇ ಸೋತ.

"ಯಜಮಾನ್ರೆ, ನಮ್ಮಪ್ಪ ಎತ್ತಿನ ಯಾಪಾರ ಮಾಡ್ತಿದ್ದ. ಹೂಡಿ ನೋಡದಂಗೆ ಯಾರಿಗೂ ಎತ್ತು ಕೊಟ್ಟೋನಲ್ಲ. ನೀವೂ ಎರಡನ್ನೂ ಒಯ್ದು ಹೂಡಿ ನೋಡ್ರಿ. ಮುಂದಿನ ತಿಂಗಳು ಒಂದನ್ನ ತಂದು ಬಿಟ್ಟು ಒಂದನ್ನ ಇಟ್ಕೊಳ್ರಿ."

ಮುಂಗಡ ಕೊಟ್ಟು, ಜೋಡೆತ್ತು ಹೊಡೆದುಕೊಂಡು ಬಂದವರ ಗತ್ತಿನಲ್ಲಿ ವಿರೂಪಾಕ್ಷಪ್ಪನವರು ಚನ್ನಗಿರಿಯಲ್ಲಿ ಇಳಿದರು. ಮನೆಯ ಪಡಸಾಲೆಯಲ್ಲಿ ಯಂತ್ರಗಳನ್ನು ಬಿಚ್ಚುವ ಹೊತ್ತಿಗೆ ಬೀದಿಯ ಅರ್ಧ ಜನ ಬಂದು ನಿಂತಿದ್ದರು. ಮೊದಲು ದೊಡ್ಡದನ್ನು ಹೂಡಿದರು. ಒಂದನೇ ನಂಬರಿನಲ್ಲಿ ಗಿಟಾರು ವಿಮಾನದಂತೆ ಕೂಗಿತು, ನಾಲ್ಕರಲ್ಲಿ ಕಪ್ಪೆಯಂತೆ, ಏಳರಲ್ಲಿ ಯಾವ ಪ್ರಾಣಿಯಂತೆ ಎಂಬುದು ಇತ್ಯರ್ಥವಾಗುವ ಮುನ್ನ ಹಿಂದಿನ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಎಮ್ಮೆ ಸೊರ ಬಿಡವಲ್ದು, ಹಾಲು ಕರಿಯಾಕಾಗವಲ್ದು, ನಿಲ್ಲುಸ್ರೀ!" ಎಂದರು. ದೊಡ್ಡದರ ಪರೀಕ್ಷೆ ಏಳಕ್ಕೆ ನಿಂತಿತು. ಮಿಕ್ಕ ಐವತ್ತೇಳು ನಾದಗಳು ಹೇಗಿದ್ದವೆಂದು ಚನ್ನಗಿರಿಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ.

ಸಣ್ಣದಕ್ಕೆ ಗಿಟಾರಿನ ಬದಲು ಮೈಕು ಸಿಕ್ಕಿಸಿ, "ಮಾತಾಡಿದ್ರೂ ಬರ್ತೈತೆ, ನೋಡ್ರಿ," ಎಂದು ಮೈಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಣೆ ಸರಿಮಾಡತೊಡಗಿದರು. ಕಿಟಕಿಯ ಆಚೆ ನಿಂತಿದ್ದವರು ಎದುರುಮನೆಯ ಕೊಟ್ರಮ್ಮ. ಅವರು ಪಕ್ಕದವಳ ಕಿವಿಯಲ್ಲಿ ಗುಟ್ಟಾಗಿ ಒಂದು ಮಾತು ಹೇಳಿದರು. ಗುಟ್ಟು ಮೈಕಿಗೆ ನಾಲ್ಕು ಬೆರಳಿನ ದೂರದಲ್ಲಿತ್ತು.

"ಅನ್ನಪೂರ್ಣಮ್ಮ ಜರಡಿ ಒಯ್ದು ಮೂರು ತಿಂಗಳಾತು, ಕೊಟ್ಟಿಲ್ಲ ನೋಡು," ಎಂದಿತು ಪಡಸಾಲೆಯ ಸ್ಪೀಕರು. ತುಸು ತಡೆದು, "ಕೊಟ್ಟಿಲ್ಲ ನೋಡು," ಎಂದಿತು. ಇನ್ನೂ ತಡೆದು, ನಿಟ್ಟುಸಿರಿನಂತೆ, "...ಲ್ಲ ನೋಡು."

ಅನ್ನಪೂರ್ಣಮ್ಮ ಬಾಗಿಲಲ್ಲೇ ನಿಂತಿದ್ದರು. ನೆಟ್ಟಗೆ ಮನೆಗೆ ಹೊರಟುಹೋದರು. ಐದು ನಿಮಿಷದಲ್ಲಿ ಜರಡಿ ಬಂತು. ಹಿಂದೆಯೇ ಅವರು ಬೇರೆ ಮನೆಗಳಿಂದ ಒಯ್ದಿದ್ದ ಒಂದು ಕೊಳಗ, ಎರಡು ತಟ್ಟೆ, ಒಂದು ಛತ್ರಿ ಆಯಾ ಮನೆಗಳನ್ನು ಸೇರಿದವು. ಸಂಜೆಯೊಳಗೆ ಇಡೀ ಬೀದಿಯಲ್ಲಿ ಪಾತ್ರೆಪಡಗಗಳ ಒಂದು ಮಹಾವಲಸೆಯೇ ನಡೆಯಿತು. ಹೋಟೆಲಿನಲ್ಲಿ ಕೇಳಿದ್ದ ಮಾತು ಈಗ ಎಲ್ಲರಿಗೂ ಅರ್ಥವಾಗಿತ್ತು: ವಿರೂಪಾಕ್ಷಪ್ಪನವರ ಮನೆಯಲ್ಲಿ ಒಂದು ಪೆಟ್ಟಿಗೆಯಿದೆ, ಅದು ಕೇಳಿಸಿಕೊಂಡದ್ದನ್ನು ಮರೆಯುವುದಿಲ್ಲ, ಯಾವಾಗ ಬೇಕಾದರೂ ಹೇಳುತ್ತದೆ, ಅದೂ ಮೂರು ಸಲ.

ಮೂರನೆಯ ದಿನ ಪುರಸಭೆಯ ಸದಸ್ಯರಾದ ಮಹೇಶ್ವರಪ್ಪನವರು ಬಂದರು. ಎರಡು ವರ್ಷಗಳಿಂದ ಈ ಬೀದಿಗೆ ಬರಲು ಪುರುಸೊತ್ತಾಗದ ಮನುಷ್ಯ ಒಳಗೆ ಬಂದು, ಮೂಲೆಯಲ್ಲಿದ್ದ ಸಣ್ಣ ಯಂತ್ರಕ್ಕೆ ಬೆನ್ನಾಗದಂತೆ ಓರೆಯಾಗಿ ಕುಳಿತರು.

"ವಿರೂಪಾಕ್ಷಪ್ಪಾರೆ, ಎಲೆಕ್ಷನ್ ಟೈಮಿನಾಗೆ ನಾನು ಇಲ್ಲೇ ಕೂತು ಬೀದಿಗೆ ಒಂದು ನಲ್ಲಿ ಹಾಕಿಸ್ತೀನಿ ಅಂದಿದ್ನಾ?"

"ಅಂದಿದ್ರಿ. ಆದ್ರೆ ಅದಕ್ಕೇನೀಗ? ಈ ಮಿಷಿನ್ ಬಂದದ್ದು ಮೊನ್ನೆ."

"ಮಿಷಿನ್ ಮೊನ್ನೆ ಬಂದಿರಬೌದು. ಗೋಡೆ ಆವಾಗಲೂ ಇತ್ತಲ್ರೀ. ಗೋಡೆ ಕೇಳಿಸ್ಕೊಂಡಿದ್ದನ್ನ ಇದು ಎಳಕೊಂಡ್ರೆ ಏನು ಮಾಡ್ತೀರಿ? ವಿಜ್ಞಾನ ಭಾಳ ಮುಂದೆ ಹೋಗೈತೆ."

ವಿಜ್ಞಾನ ಒಂದು ಸೆಕೆಂಡಿನಷ್ಟು ಮಾತ್ರ ಮುಂದೆ ಹೋಗಿದೆ, ಅದಕ್ಕಿಂತ ಹಿಂದಿನದು ಈ ಪೆಟ್ಟಿಗೆಗೆ ನೆನಪಿರುವುದಿಲ್ಲ ಎಂದು ವಿರೂಪಾಕ್ಷಪ್ಪನವರು ಕೈಮುಗಿದು ವಿವರಿಸಿದರು. ಮಹೇಶ್ವರಪ್ಪನವರು ಎಲ್ಲ ಕೇಳಿ, "ನೀವು ದೊಡ್ಡವರು, ಮುಚ್ಚಿಡ್ತೀರಿ," ಎಂದು ಅವರ ಕೈಯನ್ನು ಭಾವಪೂರ್ಣವಾಗಿ ಒತ್ತಿ ಹೋದರು. ಆ ವಾರ ಬೀದಿಗೆ ನಲ್ಲಿ ಬಂತು. ನೀರೂ ಬಂತು.

"ಇದನ್ನೇ ಇಟ್ಕೊಂಬಿಡ್ರಿ," ಎಂದರು ಕಸ್ತೂರಮ್ಮ, ವಿರೂಪಾಕ್ಷಪ್ಪನವರ ಹೆಂಡತಿ, ಹೊಸ ನಲ್ಲಿಯ ನೀರು ತುಂಬಿದ ಕೊಡ ಇಳಿಸುತ್ತ. "ಸಂಗೀತಕ್ಕೆ ಹೆಂಗೋ ಏನೋ, ಸಂಸಾರಕ್ಕೆ ಭಾಳ ಒಳ್ಳೇದು."

"ರಿಸೆಪ್ಷನ್‌ನಾಗೆ ಬೇಕಾಗಿರೋದು ಸಂಗೀತ ಕಣೇ. ದೊಡ್ಡದ್ರಾಗೆ ಅರವತ್ತನಾಲ್ಕು ಅದಾವೆ."

"ಅರವತ್ತನಾಲ್ಕು ಇದ್ದು ಏನು ಮಾಡೋದು? ನಿಮಗೆ ಎರಡ್ರಾಗೆ ಒಂದು ಆರಿಸಾಕೆ ಬರವಲ್ದು."

ಹೀಗೆ ಆಯ್ಕೆ ಮುಂದಕ್ಕೆ ಹೋಗುತ್ತಿರುವಾಗಲೇ ಮದುವೆಯೇ ಮುರಿಯುವ ಸುದ್ದಿ ಬಂತು.

ಮದುಮಗಳು ಕಸ್ತೂರಮ್ಮನವರ ಅಣ್ಣ ತಿಪ್ಪೇರುದ್ರಸ್ವಾಮಿಯವರ ಮಗಳು. ಅವರು ಜಗಳೂರು ಸೀಮೆಯ ಬಿಳಿಚೋಡಿನವರು. ಮದುಮಗ ನ್ಯಾಮತಿಯ ಅಡಿಕೆ ವ್ಯಾಪಾರಿ ಬಸವರಾಜಪ್ಪನವರ ಮಗ. ಎರಡೂರಿಗೂ ನಡುವೆ ಇರುವುದೆಂದು, ಯಂತ್ರಗಳು ಬಂದ ಮರುದಿನವೇ ವಿರೂಪಾಕ್ಷಪ್ಪನವರ ಪಡಸಾಲೆಯಲ್ಲಿ ಕೂತು, ಎಲೆಯಡಿಕೆ ಹಂಚಿ, ಮದುವೆಯ ಏರ್ಪಾಟಿನ ಮಾತು ಮುಗಿಸಿ ಹೋಗಿದ್ದರು. ಆ ದಿನ ಇಬ್ಬರೂ ಬೀಗರ ಬಾಯಲ್ಲಿ ಔದಾರ್ಯ ಹೊಳೆಯಾಗಿ ಹರಿದಿತ್ತು. ಊರಿಗೆ ಹೋದ ಮೇಲೆ ಪ್ರತಿಯೊಬ್ಬರಿಗೂ ಇನ್ನೊಬ್ಬರ ಔದಾರ್ಯ ಮಾತ್ರ ನೆನಪಿನಲ್ಲುಳಿಯಿತು. ಬೀಗರು ನ್ಯಾಮತಿಯಲ್ಲೇ ಎಲ್ಲವನ್ನೂ ಮಾಡುತ್ತಾರೆಂದು ತಿಪ್ಪೇರುದ್ರಸ್ವಾಮಿಯವರು ನೆಮ್ಮದಿಯಾಗಿದ್ದರು. ಬೀಗರು ಬಿಳಿಚೋಡಿನಲ್ಲೇ ಎಲ್ಲವನ್ನೂ ಮಾಡುತ್ತಾರೆಂದು ಬಸವರಾಜಪ್ಪನವರು ನೆಮ್ಮದಿಯಾಗಿದ್ದರು. ಲಗ್ನಕ್ಕೆ ಹತ್ತು ದಿನ ಉಳಿದಾಗ ನೋಡಿದರೆ ಎಲ್ಲಿಯೂ ಒಂದು ಚಪ್ಪರದ ಗಳು ನೆಟ್ಟಿರಲಿಲ್ಲ, ಒಬ್ಬ ಅಡಿಗೆಯವನಿಗೆ ಹೇಳಿರಲಿಲ್ಲ. ಗೊತ್ತುಮಾಡಿದ್ದು ಒಂದೇ: ಬೆನಕಪ್ಪನವರ ವಾದ್ಯವೃಂದ.

ಎರಡೂ ಕಡೆಯವರು ಒಂದೇ ಬೆಳಿಗ್ಗೆ ಚನ್ನಗಿರಿಗೆ ಬಂದಿಳಿದರು. ಬೆನಕಪ್ಪನವರು ಸಹ ಬಂದು ಗೋಡೆಗೊರಗಿ ನಿಂತು, "ಮದುವೆ ನಿಂತ್ರೆ ಪ್ರೋಗ್ರಾಂ ನಿಂತಂಗೆ. ಪ್ರೋಗ್ರಾಂ ನಿಂತ್ರೆ ನಿನ್ನನ್ನ ನಾನು ಹೆಂಗೆ ಇಟ್ಕೊಳ್ಳಲಿ?" ಎಂದು ವಿರೂಪಾಕ್ಷಪ್ಪನವರ ಕಿವಿಯಲ್ಲಿ ನ್ಯಾಯ ಹೇಳಿದರು. ಈ ಮದುವೆ ನಿಲ್ಲುವುದಕ್ಕೂ ತಮ್ಮ ಯೋಗ್ಯತೆಗೂ ಏನು ಸಂಬಂಧವೆಂದು ವಿರೂಪಾಕ್ಷಪ್ಪನವರಿಗೆ ತಿಳಿಯಲಿಲ್ಲ. ಆದರೆ ಕುರ್ಚಿ ಹೋಗುವುದಂತೂ ತಿಳಿಯಿತು.

"ಬೀಗ್ರೆ, ನೀವು ಏನಂದ್ರಿ ಅವತ್ತು?" ಎಂದು ತಿಪ್ಪೇರುದ್ರಸ್ವಾಮಿಯವರು ಆರಂಭಿಸಿದರು. "'ಎಲ್ಲಾ ನ್ಯಾಮತಿಯಾಗೇ ಮಾಡ್ಕೊಂತೀವಿ, ನೀವು ಕೈಬೀಸ್ಕೊಂಡು ಬರ್ರಿ' ಅನ್ನಲಿಲ್ಲ?"

"ಯಾರಂದ್ರು? 'ಧಾರೆ ನಮ್ಮೂರಾಗೇ, ನೀವು ಬಂದು ಉಂಡು ಹೋದ್ರೆ ಸಾಕು' ಅಂತ ನೀವೇ ಎದೆ ತಟ್ಕೊಂಡ್ರಿ. ತಟ್ಟಿದ ಸಪ್ಪಳ ಇನ್ನೂ ನನ್ನ ಕಿವಿಯಾಗೈತೆ."

"ನಾನು ಅಂದಿಲ್ಲ!"

"ನಾನೂ ಅಂದಿಲ್ಲ!"

ಜಗಳೂರಿನ ಸೀಮೆಯ ಗಂಟಲೂ ನ್ಯಾಮತಿಯ ಗಂಟಲೂ ಸಮಸಮವಾಗಿದ್ದವು. ಬಾಗಿಲಲ್ಲಿ ಜನ ಸೇರಿದರು. ಆಗ ಕೊಟ್ರಮ್ಮ, ಮೂರು ತಿಂಗಳ ಜರಡಿ ಕಂಡ ಅನುಭವಿ, ಗುಂಪಿನ ಹಿಂದಿನಿಂದ ಒಂದು ಮಾತೆಸೆದರು:

"ಬಾಯಿ ಯಾಕೆ ನೋಯಿಸ್ಕೊಂತೀರಿ? ಅವತ್ತು ಆ ಪೆಟ್ಟಿಗಿ ಅಲ್ಲೇ ಕೂತಿತ್ತಲ್ಲ. ಅದನ್ನ ಕೇಳ್ರಿ."

ಎಲ್ಲರ ಕಣ್ಣೂ ಮೂಲೆಗೆ ತಿರುಗಿದವು. ಕಸ್ತೂರಮ್ಮ ಎದ್ದರು. ಸಣ್ಣ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ನಡುವೆ ಒಂದು ಮಣೆ ಹಾಕಿ ಅದರ ಮೇಲಿಟ್ಟು, ಸೆರಗಿನಿಂದ ಧೂಳೊರೆಸಿದರು.

"ಅಲ್ಲ, ಇದಕ್ಕೆ..." ಎಂದು ವಿರೂಪಾಕ್ಷಪ್ಪನವರು ಬಾಯಿ ತೆರೆದರು.

"ನೀವು ಸುಮ್ನೆ ಕುಂತ್ಕೊಳ್ರಿ," ಎಂದರು ಕಸ್ತೂರಮ್ಮ.

ಅವರು ಹೇಳಹೊರಟದ್ದು ಇಷ್ಟೆ: ಆ ಬೆಳಿಗ್ಗೆಯಿಂದ ಊರಿನಲ್ಲಿ ಕರೆಂಟಿರಲಿಲ್ಲ, ಇದ್ದರೂ ಯಂತ್ರಕ್ಕೆ ಒಂದು ತಂತಿಯನ್ನೂ ಸಿಕ್ಕಿಸಿರಲಿಲ್ಲ, ಸಿಕ್ಕಿಸಿದರೂ ಮೂರು ವಾರದ ಹಿಂದಿನ ಮಾತು ಅದರಲ್ಲಿರುವುದು ಸಾಧ್ಯವೇ ಇರಲಿಲ್ಲ. ಸತ್ಯ ಮೂರು ಪಟ್ಟಾಗಿದ್ದರೂ ಕೆಲವೊಮ್ಮೆ ಹೆಂಡತಿಯ ಒಂದು ನೋಟದ ಮುಂದೆ ನಿಲ್ಲುವುದಿಲ್ಲ.

ಇಬ್ಬರು ಬೀಗರೂ ಯಂತ್ರವನ್ನು ನೋಡಿದರು. ಯಂತ್ರ ಇಬ್ಬರನ್ನೂ ನೋಡಿತು. ಕಸ್ತೂರಮ್ಮ ಬಗ್ಗಿ ಒಂದು ತಿರುಗಣೆಯನ್ನು ಮೆಲ್ಲಗೆ ತಿರುವಿದರು.

"ತಡೀರಿ ತಾಯಿ!" ಎಂದು ಬಸವರಾಜಪ್ಪನವರು ಕೈಯೆತ್ತಿದರು. ಹಣೆಯಲ್ಲಿ ವಿಭೂತಿಯ ಮೇಲೆ ಬೆವರು ಇಳಿದಿತ್ತು. "ಅದ್ಯಾಕೆ ಹೇಳ್ಬೇಕು? ನನಗೇ ಬಾಯಿಲ್ವಾ? ಎಲ್ಲಾ ನ್ಯಾಮತಿಯಾಗೇ ಮಾಡ್ಕೊಂತೀವಿ ಅಂತ ಒಂದು ಮಾತು... ಸುಮ್ನೆ ಒಂದು ಮಾತು... ಅಂದಿರಬೌದು."

"ಅಂದಿರಬೌದಾ?" ಎಂದರು ಕಸ್ತೂರಮ್ಮ, ತಿರುಗಣೆ ಬಿಡದೆ.

"ಅಂದೀನಿ."

ತಿಪ್ಪೇರುದ್ರಸ್ವಾಮಿಯವರು ಗೆಲುವಿನ ನಗೆ ನಗುವಷ್ಟರಲ್ಲಿ ತಂಗಿ ಅವರ ಕಡೆ ತಿರುಗಿದರು. "ಅಣ್ಣಾ, ನೀನು?"

"ನಾನೇನು... ನಾನು ಆವಾಗ..." ಯಂತ್ರ ಕಾಯುತ್ತಿತ್ತು. "ನಾನೂ ಅಂದೀನಿ. ಎದೀನೂ ತಟ್ಕೊಂಡೀನಿ. ಮೂರು ಸಲ ಹೇಳಿಸ್ಬ್ಯಾಡ, ನನ್ನ ತಾಯಿ."

ಬಾಗಿಲಲ್ಲಿದ್ದ ಜನ 'ಓ' ಎಂದರು. ಬೀಗರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ, ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆಯಲ್ಲಿ ನಕ್ಕರು. ಧಾರೆ ಬಿಳಿಚೋಡಿನಲ್ಲಿ, ಮರುದಿನ ಸಂಜೆ ರಿಸೆಪ್ಷನ್ ನ್ಯಾಮತಿಯಲ್ಲಿ ಎಂದು ಅರ್ಧ ಗಳಿಗೆಯಲ್ಲಿ ತೀರ್ಮಾನವಾಯಿತು. ಹೊರಡುವಾಗ ತಿಪ್ಪೇರುದ್ರಸ್ವಾಮಿಯವರು ಯಂತ್ರಕ್ಕೆ ಕೈಮುಗಿದರು. ಬಸವರಾಜಪ್ಪನವರು ಅದರ ಪಕ್ಕದಲ್ಲಿ ಎಲೆಯಡಿಕೆ ಇಟ್ಟರು.

ಸುದ್ದಿ ಬಸ್ಸುಗಳಿಗಿಂತ ಬೇಗ ಹೋಯಿತು. ಹೊನ್ನಾಳಿಯಲ್ಲಿ ಅದು ಹತ್ತು ವರ್ಷದ ಮಾತನ್ನು ಹೇಳುವ ಯಂತ್ರವಾಯಿತು. ಸಾಸ್ವೆಹಳ್ಳಿಯಲ್ಲಿ ಸತ್ತವರ ಮಾತನ್ನೂ. ನ್ಯಾಮತಿ ತಲಪುವ ಹೊತ್ತಿಗೆ ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಹಿಡಿಯತೊಡಗಿತು.

ರಿಸೆಪ್ಷನ್ನಿನ ದಿನ ಸಂಜೆ ಆರು ಗಂಟೆ. ನ್ಯಾಮತಿಯ ಕಲ್ಯಾಣ ಮಂಟಪದಲ್ಲಿ ಕೂರಲು ಜಾಗವಿರಲಿಲ್ಲ. ಎಲ್ಲೆಲ್ಲಿಯೂ ಮಾತು: ಸಂತೆಯನ್ನು ಒಂದು ಸೂರಿನ ಕೆಳಗೆ ತುಂಬಿದಂತಿತ್ತು. ಮೊದಲ ಸಾಲಿನಲ್ಲಿ ಹೊನ್ನಾಳಿಯ ದಾಸಪ್ಪ, ಕೀಬೋರ್ಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆನಕಪ್ಪನವರ ಕಣ್ಸನ್ನೆಗಾಗಿ ಕಾಯುತ್ತಿದ್ದ. ವಿರೂಪಾಕ್ಷಪ್ಪನವರು ಎರಡೂ ಯಂತ್ರಗಳನ್ನು ತಂದಿದ್ದರು. ಬಸ್ಸಿನಲ್ಲಿ ಹೊನ್ನಾಳಿಯವರೆಗೆ ದೊಡ್ಡದನ್ನೂ, ಹೊನ್ನಾಳಿಯಿಂದ ಮುಂದೆ ಸಣ್ಣದನ್ನೂ ಆರಿಸಿದ್ದರು. ವೇದಿಕೆಯ ಮೇಲೆ ಸಣ್ಣದನ್ನು ಒಂದು ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇರಿಸಿ, ಅದನ್ನು ಕರೆಂಟಿಗೆ ಸಿಕ್ಕಿಸುವ ಅಡಾಪ್ಟರಿಗಾಗಿ ಚೀಲದಲ್ಲಿ ಕೈಯಾಡಿಸಿದರು.

ಅಡಾಪ್ಟರ್ ಇರಲಿಲ್ಲ. ದೊಡ್ಡದರದೂ ಇರಲಿಲ್ಲ. ಎರಡೂ ಚನ್ನಗಿರಿಯ ಪಡಸಾಲೆಯ ಗೂಡಿನಲ್ಲಿ ಅಕ್ಕಪಕ್ಕ ನೆಮ್ಮದಿಯಾಗಿ ಮಲಗಿದ್ದವು.

ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೆನಕಪ್ಪನವರು ಮೈಕು ಹಿಡಿದಾಗಿತ್ತು: "ಮಾನ್ಯರೇ, ಈಗ ನಮ್ಮ ವಾದ್ಯವೃಂದದ ವಿರೂಪಾಕ್ಷಪ್ಪನವರು ತಮ್ಮ ಹೊಸ ಡಿಜಿಟಲ್ ಯಂತ್ರವನ್ನು ಚಾಲೂ ಮಾಡಲಿದ್ದಾರೆ."

ಮಂಟಪದಲ್ಲಿ ಒಂದು ವಿಚಿತ್ರ ನಡೆಯಿತು. ಮಾತು ನಿಂತಿತು. ಮೊದಲು ಮುಂದಿನ ಸಾಲು, ಆಮೇಲೆ ಹಿಂದಿನವು, ದೀಪಗಳನ್ನು ಒಂದೊಂದಾಗಿ ಆರಿಸಿದ ಹಾಗೆ. ಸೊಸೆಯ ವಿಷಯ ಹೇಳುತ್ತಿದ್ದ ಅತ್ತೆ ಅರ್ಧಕ್ಕೆ ತುಟಿ ಕಚ್ಚಿದಳು. ಬೀಗರಿಬ್ಬರೂ ಬಾಯಿಗೆ ಟವೆಲು ಅಡ್ಡ ಹಿಡಿದರು. ಊಟದ ಮನೆಯಲ್ಲಿ ಹೋಳಿಗೆ ಬಡಿಸುತ್ತಿದ್ದವನು 'ತುಪ್ಪ' ಎನ್ನದೆ ಬೆರಳಿನಿಂದ ತೋರಿಸಿದ. ಎಂಟುನೂರು ಜನ ತಮ್ಮ ತಮ್ಮ ಗುಟ್ಟುಗಳನ್ನು ಒಳಗೇ ಅದುಮಿಕೊಂಡು, ಉಸಿರನ್ನೂ ತಗ್ಗಿಸಿ, ಆ ಇಟ್ಟಿಗೆಯನ್ನು ನೋಡುತ್ತ ಕುಳಿತರು.

ವಿರೂಪಾಕ್ಷಪ್ಪನವರು ಗಿಟಾರಿನ ತಂತಿಯನ್ನು ಸದ್ದಿಲ್ಲದೆ ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಸತ್ತ ಯಂತ್ರವನ್ನು ಒಮ್ಮೆ ಗಂಭೀರವಾಗಿ ತಟ್ಟಿ, ಮೊದಲ ಸ್ವರ ಮೀಟಿದರು.

ಆ ಸ್ವರ ಹೋಗಿ ಮಂಟಪದ ಕೊನೆಯ ಗೋಡೆಯನ್ನು ಮುಟ್ಟಿತು. ಇಪ್ಪತ್ತು ವರ್ಷಗಳಲ್ಲಿ ಅವರ ಯಾವ ಸ್ವರವೂ ಎರಡನೆಯ ಸಾಲನ್ನು ದಾಟಿರಲಿಲ್ಲ. ಸ್ವರಕ್ಕೂ ದಾರಿ ಹೊಸತು. ತಡವರಿಸುತ್ತ ಹೋಯಿತು, ಹಿಂದೆಯೇ ಇನ್ನೊಂದು ಹೋಯಿತು. ನಡುವೆ ಒಂದು ತಪ್ಪಿತು. ಅದೂ ಕೇಳಿಸಿತು! ತಪ್ಪನ್ನೂ ಒಂದು ಸಭೆ ಕೇಳುತ್ತದೆಂಬ ಸಂತೋಷಕ್ಕೆ ಅವರು ಅದೇ ತಪ್ಪನ್ನು ಇನ್ನೊಮ್ಮೆ ಬೇಕೆಂದೇ ನುಡಿಸಿ, ಅಲ್ಲಿಂದ ಒಂದು ತಿರುವು ತೆಗೆದು, ಆವರೆಗೆ ತಮಗೇ ಗೊತ್ತಿರದ ಒಂದು ಬೀದಿಯಲ್ಲಿ ನಡೆದುಹೋದರು. ತಬಲದವನು ಕೈ ಎತ್ತಿದವನು ಎತ್ತಿದಂತೆಯೇ ಕೇಳುತ್ತ ಕುಳಿತ. ಮದುಮಗಳು ವೇದಿಕೆಯ ಆ ತುದಿಯಿಂದ ಬಗ್ಗಿ ನೋಡಿದಳು. ಈ ಸಲ ಸರಿದು ಕುಳಿತವನು ಮದುಮಗ.

ಮುಗಿದಾಗ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಭಟ್ಟರು ಸೌಟನ್ನು ಕಂಕುಳಿಗಿಟ್ಟು ಚಪ್ಪಾಳೆ ತಟ್ಟಿದರು. ಇಡೀ ಮಂಟಪ ಹಿಂದೆಯೇ ತಟ್ಟಿತು. ದಾಸಪ್ಪ ಕೀಬೋರ್ಡಿನ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ ವೇದಿಕೆಗೆ ಓಡಿಬಂದ.

"ಅಣ್ಣಾವ್ರೆ, ಯಾವ ನಂಬರ್ ಇಟ್ಟಿದ್ರಿ? ನಮ್ಮ ಮಿಷಿನ್‌ನಾಗೆ ಹಿಂಗೆ ಬರಂಗಿಲ್ಲ. ಖರೇವಂದ್ರೂ ಗಿಟಾರು ನುಡಿಸಿದಂಗೇ ಬಂತಲ್ರೀ!"

"ಆರಿಸೋದ್ರಾಗೆ ಐತಪ್ಪ ಎಲ್ಲಾ," ಎಂದರು ಬೆನಕಪ್ಪನವರು, ವಿರೂಪಾಕ್ಷಪ್ಪನವರ ಹೆಗಲ ಮೇಲೆ ಕೈಹಾಕಿ. "ನಮ್ಮ ವಿರೂಪಾಕ್ಷಪ್ಪ ತಿಂಗಳುಗಟ್ಲೆ ನೋಡಿ ಆರಿಸ್ಯಾನೆ. ಮುಂದಿನ ಹದಿಮೂರು ಮದುವಿಗೂ ಇದೇ ಮಿಷಿನ್ನು, ಇದೇ ಮನುಷ್ಯ."

ಮೂರನೆಯ ದಿನ ವಿರೂಪಾಕ್ಷಪ್ಪನವರು ದಾವಣಗೆರೆಯ ಅಂಗಡಿಯಲ್ಲಿ ದೊಡ್ಡ ಯಂತ್ರವನ್ನು ಮೇಜಿನ ಮೇಲಿಟ್ಟು, ಸಣ್ಣದರ ಉಳಿದ ಹಣ ಕೊಟ್ಟರು. ಅಂಗಡಿಯವನು ಬೆರಗಾಗಿ ಕೇಳಿದ: "ಆರಿಸಿದ್ರಾ? ಖರೇನೇ? ಇನ್ನೊಮ್ಮೆ ಎರಡನ್ನೂ ಹಚ್ಚಿ ತೋರಿಸ್ಲೇನು?"

"ಬ್ಯಾಡ," ಎಂದರು ವಿರೂಪಾಕ್ಷಪ್ಪ. ಅವರ ಧ್ವನಿಯಲ್ಲಿ ಅನುಮಾನವೆಂಬುದೇ ಇರಲಿಲ್ಲ. "ಸಣ್ಣದೇ."

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಅದರ ಜೊತೆಗಿದ್ದ ಅಡಾಪ್ಟರನ್ನು ತಂತಿ ಸುತ್ತಿ ಅಚ್ಚುಕಟ್ಟಾಗಿ ಅಂಗಡಿಯವನ ಮುಂದಿಟ್ಟರು.

"ಇದು ನಿಮ್ಮಲ್ಲೇ ಇರಲಿ. ನಮಗೆ ಬೇಕಾಗಂಗಿಲ್ಲ."